ಗ್ರೀನ್ ಕಾರ್ಡ್‌ಗೆ ಒಬ್ಬರ ಜಾಮೀನು, ಇನ್ನೊಬ್ಬರ ಕೆಲಸದ ಲೆಕ್ಕ

ಅಮೆರಿಕದ ಸಿಟಿಜನ್ ಹುಡುಗನ ಜೊತೆ ಮಗಳ ಮದುವೆ ಗೊತ್ತಾಯಿತು ಅಂದ ಕೂಡಲೇ ಮನೆಯಲ್ಲಿ ಎರಡು ಪ್ರಶ್ನೆ ಏಳುತ್ತವೆ. ಹುಡುಗನ ಸಂಬಳ ಎಷ್ಟಿದ್ದರೆ ಗ್ರೀನ್ ಕಾರ್ಡ್ ಸಿಗುತ್ತದೆ? ನಮ್ಮ ಹುಡುಗಿ ಕೆಲಸ ಬಿಟ್ಟು ಮನೆಯಲ್ಲಿದ್ದಾಳೆ, ಅದರಿಂದ ಏನಾದರೂ ತೊಂದರೆಯೇ?

ಈ ಎರಡನ್ನೂ ಒಂದೇ ಗಂಟಿಗೆ ಕಟ್ಟಿ ಚಿಂತೆ ಮಾಡುವವರು ಜಾಸ್ತಿ. ಹುಡುಗಿಗೆ ಬೆಂಗಳೂರಿನಲ್ಲಿ ಒಳ್ಳೆಯ ಸಂಬಳ ಇದ್ದರೆ ಅರ್ಜಿ ಗಟ್ಟಿ, ಕೆಲಸ ಇಲ್ಲದಿದ್ದರೆ ಅರ್ಜಿ ಬಿದ್ದುಹೋಗುತ್ತದೆ ಅಂತ ಅಂದುಕೊಳ್ಳುತ್ತಾರೆ. ಅಮೆರಿಕದ ವಲಸೆ ಕಾನೂನು ಇವನ್ನು ಬೇರೆ ಬೇರೆ ಇಟ್ಟಿದೆ. ದುಡ್ಡಿನ ಪ್ರಶ್ನೆ ಮುಖ್ಯವಾಗಿ ಅಲ್ಲಿರುವ ಗಂಡನಿಗೆ. ಕೆಲಸದ ಇತಿಹಾಸದ ಪ್ರಶ್ನೆ ಹೆಂಡತಿಗೆ. ಅಲ್ಲಿ ಅಧಿಕಾರಿ ಹುಡುಕುವುದು ಎರಡೇ: ಹೇಳಿದ್ದು ನಿಜವೇ, ಮಾಡಿದ ಕೆಲಸಕ್ಕೆ ಅನುಮತಿ ಇತ್ತೇ? ಇಷ್ಟು ತಿಳಿದರೆ ಅರ್ಧ ಗಾಬರಿ ಕಡಿಮೆಯಾಗುತ್ತದೆ.

ಓದಲು ಸುಲಭವಾಗಲಿ ಅಂತ ಇಲ್ಲಿ ಗಂಡನನ್ನು ಸ್ಪಾನ್ಸರ್ ಅಂತಲೂ, ಹೆಂಡತಿಯನ್ನು ಅರ್ಜಿದಾರಳು ಅಂತಲೂ ಇಟ್ಟುಕೊಂಡಿದ್ದೇನೆ. ಹೆಂಡತಿ ಸಿಟಿಜನ್ ಆಗಿದ್ದು ಗಂಡ ಅರ್ಜಿ ಹಾಕಿದರೂ ನಿಯಮ ಇದೇ.

ಅರ್ಜಿ ಹೋಗುವ ದಾರಿ

ಮೊದಲು ಗಂಡ ಐ-130 ಅನ್ನುವ ಫಾರ್ಮ್ ಸಲ್ಲಿಸುತ್ತಾನೆ. ‘ಇವಳು ನನ್ನ ಹೆಂಡತಿ, ನಮ್ಮದು ನಿಜವಾದ ಮದುವೆ’ ಅಂತ ಸರ್ಕಾರಕ್ಕೆ ಹೇಳುವ ಅರ್ಜಿ ಅದು. ಅಲ್ಲಿಂದ ಮುಂದೆ ದಾರಿ ಎರಡಾಗುತ್ತದೆ.

ಹೆಂಡತಿ ಭಾರತದಲ್ಲಿದ್ದರೆ, ಐ-130 ಒಪ್ಪಿಗೆಯಾದ ಮೇಲೆ ಕಡತ ನ್ಯಾಷನಲ್ ವೀಸಾ ಸೆಂಟರ್‌ಗೆ ಹೋಗುತ್ತದೆ. ಅಲ್ಲಿ ಶುಲ್ಕ ಕಟ್ಟಿ, ಡಿಎಸ್-260 ಅನ್ನುವ ಆನ್‌ಲೈನ್ ಫಾರ್ಮ್ ತುಂಬಿ, ಗಂಡನ ಆದಾಯದ ದಾಖಲೆಗಳನ್ನು ಅಪ್‌ಲೋಡ್ ಮಾಡಬೇಕು. ಸಂದರ್ಶನ ಮುಂಬೈನ ಅಮೆರಿಕನ್ ಕಾನ್ಸುಲೇಟಿನಲ್ಲಿ. ಹೆಂಡತಿ ಆಗಲೇ ಅಮೆರಿಕದಲ್ಲಿದ್ದರೆ, ಅಂದರೆ ಎಫ್-1 ವೀಸಾದಲ್ಲಿ ಓದುತ್ತಲೋ ಎಚ್-1ಬಿಯಲ್ಲಿ ದುಡಿಯುತ್ತಲೋ ಇದ್ದರೆ, ಐ-130 ಜೊತೆಗೇ ಐ-485 ಸಲ್ಲಿಸಿ ಅಲ್ಲಿಂದಲೇ ಗ್ರೀನ್ ಕಾರ್ಡ್ ಪಡೆಯಬಹುದು.

ಗಂಡ ಸಿಟಿಜನ್ ಆಗಿದ್ದರೆ ವೀಸಾ ಸಂಖ್ಯೆಗೆ ಕಾಯುವ ಸಾಲು ಇಲ್ಲ. ಅವನಿಗೆ ಇರುವುದು ಬರೀ ಗ್ರೀನ್ ಕಾರ್ಡ್ ಆದರೆ ಹೆಂಡತಿ ಎಫ್2ಎ ಅನ್ನುವ ವರ್ಗಕ್ಕೆ ಸೇರುತ್ತಾಳೆ. ಅಲ್ಲಿ ಸಾಲು ಇದೆ, ನಿಯಮಗಳೂ ಸ್ವಲ್ಪ ಬಿಗಿ. ಈ ವ್ಯತ್ಯಾಸವನ್ನು ನೆನಪಿಡಿ, ಮುಂದೆ ಎರಡು ಕಡೆ ಬೇಕಾಗುತ್ತದೆ.

ಐ-864: ಸಹಿ ಹಾಕಿದ ಮೇಲೆ ಅದು ಒಪ್ಪಂದ

ಎರಡೂ ದಾರಿಯಲ್ಲಿ ತಪ್ಪದೆ ಬರುವ ಫಾರ್ಮ್ ಐ-864. ಇದಕ್ಕೆ ಅಫಿಡವಿಟ್ ಆಫ್ ಸಪೋರ್ಟ್ ಅನ್ನುತ್ತಾರೆ. 1996ರ ವಲಸೆ ಕಾನೂನು ಇದನ್ನು ತಂದಿತು, 1997ರ ಡಿಸೆಂಬರ್ 19ರಿಂದ ಜಾರಿಯಲ್ಲಿದೆ. ಹೊಸದಾಗಿ ಬರುವವರು ಸರ್ಕಾರದ ನೆರವಿನ ಮೇಲೆ ಬದುಕುವಂತೆ ಆಗಬಾರದು ಅನ್ನುವುದು ಅದರ ಉದ್ದೇಶ.

ಊರಲ್ಲಿ ಯಾರದಾದರೂ ಬ್ಯಾಂಕ್ ಸಾಲಕ್ಕೆ ಜಾಮೀನು ಸಹಿ ಹಾಕಿದವರಿಗೆ ಇದರ ಸ್ವಭಾವ ಬೇಗ ತಿಳಿಯುತ್ತದೆ. ಸಾಲ ತೆಗೆದವನು ಕಂತು ಕಟ್ಟುತ್ತಿರುವವರೆಗೂ ಜಾಮೀನುದಾರನ ಹತ್ತಿರ ಯಾರೂ ಬರುವುದಿಲ್ಲ. ಕಂತು ನಿಂತರೆ ನೋಟಿಸ್ ಅವನ ಮನೆಗೂ ಬರುತ್ತದೆ. ‘ಅವನಿಗೂ ನನಗೂ ಈಗ ಮಾತುಕತೆ ಇಲ್ಲ’ ಅಂದರೆ ಬ್ಯಾಂಕ್ ಕೇಳುವುದಿಲ್ಲ. ಐ-864 ಕೂಡ ಹಾಗೇ. ಗಂಡ ಅಮೆರಿಕ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಳ್ಳುತ್ತಾನೆ: ‘ಇವಳ ಆದಾಯ ಇಷ್ಟಕ್ಕಿಂತ ಕೆಳಗೆ ಹೋಗದಂತೆ ನಾನು ನೋಡಿಕೊಳ್ಳುತ್ತೇನೆ.’ ಅವಳು ಆದಾಯ ನೋಡಿ ಕೊಡುವ ಸರ್ಕಾರಿ ನೆರವು ಪಡೆದರೆ, ಅದನ್ನು ಕೊಟ್ಟ ಇಲಾಖೆ ಆ ಹಣವನ್ನು ಗಂಡನಿಂದ ವಸೂಲು ಮಾಡಬಹುದು.

ಸ್ಪಾನ್ಸರ್ ಆಗುವವರಿಗೆ 18 ವರ್ಷ ತುಂಬಿರಬೇಕು. ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇರುವವರಾಗಿರಬೇಕು, ನೆಲೆ ಅಮೆರಿಕದಲ್ಲಿರಬೇಕು. ಐ-130 ಹಾಕಿದ ಗಂಡನಿಗೆ ಒಂದು ಡಾಲರ್ ಆದಾಯ ಇಲ್ಲದಿದ್ದರೂ ಐ-864 ಮಾತ್ರ ಅವನೇ ಕೊಡಬೇಕು. ಬೇರೆಯವರು ಜೊತೆಗೆ ನಿಂತರೂ ಅವನ ಫಾರ್ಮ್ ತಪ್ಪುವುದಿಲ್ಲ. ‘ಮಾವ ಸ್ಪಾನ್ಸರ್ ಮಾಡುತ್ತಾರೆ, ನನ್ನದು ಯಾಕೆ’ ಅಂತ ಬಿಟ್ಟು ಕಡತ ವಾಪಸ್ ಬರುವುದು ತೀರಾ ಸಾಮಾನ್ಯ. ಇನ್ನೊಂದು ಮಾತು: ನೋಟರಿ ಮುದ್ರೆ ಇದಕ್ಕೆ ಬೇಕಿಲ್ಲ, ಸ್ಪಾನ್ಸರ್ ಸಹಿ ಸಾಕು.

ಎಷ್ಟು ಆದಾಯ ಬೇಕು?

ಅಮೆರಿಕ ಸರ್ಕಾರ ಪ್ರತಿ ವರ್ಷ ಬಡತನದ ಮಿತಿ ಪ್ರಕಟಿಸುತ್ತದೆ. ಮನೆಯಲ್ಲಿ ಎಷ್ಟು ಜನ ಇದ್ದಾರೆ ಅನ್ನುವುದರ ಮೇಲೆ ಮಿತಿ ಬದಲಾಗುತ್ತದೆ. ಸ್ಪಾನ್ಸರ್ ಆದಾಯ ಆ ಮಿತಿಯ 125 ಶೇಕಡಾ ಮುಟ್ಟಬೇಕು. ಅಮೆರಿಕದ ಸೇನೆಯಲ್ಲಿ ಸಕ್ರಿಯ ಸೇವೆಯಲ್ಲಿರುವವರು ಹೆಂಡತಿಗೆ ಸ್ಪಾನ್ಸರ್ ಮಾಡುವಾಗ 100 ಶೇಕಡಾ ಸಾಕು.

2025ರ ಲೆಕ್ಕದಲ್ಲಿ ಗಂಡ ಹೆಂಡತಿ ಇಬ್ಬರೇ ಇರುವ ಮನೆಗೆ ವರ್ಷಕ್ಕೆ 26,437 ಡಾಲರ್ ಬೇಕು. ಮೂವರಿದ್ದರೆ 33,312, ನಾಲ್ವರಿದ್ದರೆ 40,187. ಅಲಾಸ್ಕಾ ಮತ್ತು ಹವಾಯಿಗೆ ಮಿತಿ ಇನ್ನೂ ಹೆಚ್ಚು. ಅಂಕಿ ಪ್ರತಿ ವರ್ಷ ಬದಲಾಗುವುದರಿಂದ ಅರ್ಜಿ ಹಾಕುವ ದಿನ ವಲಸೆ ಇಲಾಖೆಯ ಐ-864ಪಿ ಪುಟ ನೋಡಿಕೊಳ್ಳಬೇಕು.

ಐಟಿ ಕೆಲಸದ ಸಂಬಳಕ್ಕೆ ಹೋಲಿಸಿದರೆ ಈ ಮೊತ್ತ ದೊಡ್ಡದಲ್ಲ. ಆದರೆ ಎಡವುವುದು ಮೊತ್ತದಲ್ಲಿ ಕಡಿಮೆ, ತಲೆ ಎಣಿಸುವುದರಲ್ಲಿ ಜಾಸ್ತಿ.

ಮನೆಯ ಲೆಕ್ಕಕ್ಕೆ ಸ್ಪಾನ್ಸರ್, ಬರುವ ಹೆಂಡತಿ, ಅವನ ಮದುವೆಯಾಗದ ಚಿಕ್ಕ ಮಕ್ಕಳು, ತೆರಿಗೆ ರಿಟರ್ನ್‌ನಲ್ಲಿ ಅವಲಂಬಿತರು ಅಂತ ತೋರಿಸಿದವರು ಎಲ್ಲರೂ ಸೇರುತ್ತಾರೆ. ಹೆಂಡತಿಯ ಜೊತೆ ಅವಳ ಮಗುವೂ ಬರುವುದಾದರೆ ಅದೂ ಸೇರುತ್ತದೆ. ನಮ್ಮವರು ಮರೆಯುವುದು ಇನ್ನೊಂದು ಗುಂಪನ್ನು. ಹಿಂದೆ ಯಾರಿಗಾದರೂ ಐ-864 ಸಹಿ ಹಾಕಿ, ಆ ಜವಾಬ್ದಾರಿ ಇನ್ನೂ ಮುಗಿಯದೇ ಇದ್ದರೆ ಅವರನ್ನೂ ಎಣಿಸಬೇಕು.

ಉದಾಹರಣೆಗೆ ಡಲ್ಲಾಸ್‌ನಲ್ಲಿರುವ ಒಬ್ಬ ಹುಡುಗ ಸಿಟಿಜನ್ ಆದ ಮೇಲೆ ಹಾಸನದಲ್ಲಿದ್ದ ಅಪ್ಪ ಅಮ್ಮನಿಗೆ ಗ್ರೀನ್ ಕಾರ್ಡ್ ಮಾಡಿಸಿದ ಅಂದುಕೊಳ್ಳಿ. ಈಗ ಅವನ ಮದುವೆ. ಅವನ ಮನೆ ಇಬ್ಬರದ್ದಲ್ಲ, ನಾಲ್ವರದ್ದು. ಬೇಕಾದ ಆದಾಯ 26,437 ಅಲ್ಲ, 40,187. ಅಪ್ಪ ಅಮ್ಮ ಚಳಿ ತಡೆಯಲಾರದೆ ಹಾಸನಕ್ಕೆ ವಾಪಸ್ ಬಂದು ಕೂತಿದ್ದರೂ, ಗ್ರೀನ್ ಕಾರ್ಡನ್ನು ವಿಧಿವತ್ತಾಗಿ ಬಿಟ್ಟುಕೊಡದೇ ಇದ್ದರೆ ಲೆಕ್ಕದಿಂದ ಅವರ ಹೆಸರು ಸುಮ್ನೆ ಹೋಗುವುದಿಲ್ಲ.

ಯಾವ ದುಡ್ಡು ಲೆಕ್ಕಕ್ಕೆ ಬರುತ್ತದೆ?

ಐ-864ರಲ್ಲಿ ಎರಡು ಅಂಕಿಗಳು ಅಕ್ಕಪಕ್ಕ ಬರುತ್ತವೆ. ಒಂದು, ಈಗಿನ ವಾರ್ಷಿಕ ಆದಾಯ. ಇನ್ನೊಂದು, ಇತ್ತೀಚಿನ ತೆರಿಗೆ ರಿಟರ್ನ್‌ನಲ್ಲಿರುವ ಒಟ್ಟು ಆದಾಯ. ಇವೆರಡೂ ಒಂದೇ ಆಗಿರಬೇಕು ಅಂತ ಏನಿಲ್ಲ.

ಹುಡುಗ ಹೋದ ವರ್ಷ ಓದುತ್ತಿದ್ದ, ರಿಟರ್ನ್‌ನಲ್ಲಿ ಬರೀ 9,000 ಡಾಲರ್ ಇದೆ. ಈಗ ನಾಲ್ಕು ತಿಂಗಳಿಂದ 60,000 ಡಾಲರ್ ಸಂಬಳದ ಕೆಲಸದಲ್ಲಿದ್ದಾನೆ. ಆಗ ಈಗಿನ ಆದಾಯ 60,000 ಅಂತಲೇ ಬರೆಯುತ್ತಾನೆ. ಜೊತೆಗೆ ಪೇ ಸ್ಲಿಪ್‌ಗಳು ಮತ್ತು ಕಂಪನಿಯ ಪತ್ರ ಇಡುತ್ತಾನೆ. ಆ ಪತ್ರದಲ್ಲಿ ಕೆಲಸಕ್ಕೆ ಸೇರಿದ ದಿನ, ಹುದ್ದೆ, ಸಂಬಳ, ಕೆಲಸ ಕಾಯಂ ಹೌದೋ ಅಲ್ಲವೋ ಎಲ್ಲ ಇರಬೇಕು. ಸ್ಪಾನ್ಸರ್‌ನ ಕೆಲಸದ ಇತಿಹಾಸ ಮುಖ್ಯವಾಗುವುದು ಇಲ್ಲಿ. ಪದೇ ಪದೇ ಕೆಲಸ ಬದಲಾಗಿದ್ದರೆ, ಮಧ್ಯೆ ಖಾಲಿ ಕೂತಿದ್ದರೆ, ‘ಈ ಆದಾಯ ನಿಲ್ಲುತ್ತದೆಯೇ’ ಅಂತ ಅಧಿಕಾರಿ ಯೋಚಿಸುತ್ತಾರೆ. ಆಗ ಒಂದು ವರ್ಷದ ರಿಟರ್ನ್ ಸಾಲುವಲ್ಲಿ ಮೂರು ವರ್ಷದ್ದನ್ನು ಕೊಡುವುದು ಒಳ್ಳೆಯದು. ಕಾನೂನು ಕಡ್ಡಾಯ ಮಾಡಿರುವುದು ಒಂದೇ ವರ್ಷದ್ದನ್ನು.

ರಿಟರ್ನ್ ಪ್ರತಿಗಿಂತ ತೆರಿಗೆ ಇಲಾಖೆಯಾದ ಐಆರ್‌ಎಸ್ ಕೊಡುವ ಟ್ರಾನ್ಸ್‌ಕ್ರಿಪ್ಟ್ ಚೆನ್ನ. ಅದು ಉಚಿತ, ಆನ್‌ಲೈನ್‌ನಲ್ಲೇ ಸಿಗುತ್ತದೆ. ರಿಟರ್ನ್ ಪ್ರತಿ ಕೊಟ್ಟರೆ ಸಂಬಳ ಮತ್ತು ಬೇರೆ ಆದಾಯ ತೋರಿಸುವ ಡಬ್ಲ್ಯೂ-2, 1099 ಫಾರ್ಮ್‌ಗಳನ್ನೂ ಜೋಡಿಸಬೇಕು. ರಿಟರ್ನ್ ಸಲ್ಲಿಸಬೇಕಿದ್ದೂ ಸಲ್ಲಿಸದೇ ಬಿಟ್ಟಿದ್ದರೆ ಮೊದಲು ಅದನ್ನು ಸಲ್ಲಿಸಿಯೇ ಮುಂದೆ ಹೋಗಬೇಕು.

ಸ್ವಂತ ವ್ಯಾಪಾರ ಮಾಡುವವರು ಇಲ್ಲಿ ಹುಷಾರಾಗಿರಬೇಕು. ಟ್ಯಾಕ್ಸಿ ಓಡಿಸುವವರಿಗೆ, ಅಂಗಡಿ ಇಟ್ಟವರಿಗೆ ವರ್ಷಕ್ಕೆ 70,000 ಡಾಲರ್ ಕೈಗೆ ಬಂದಿರಬಹುದು. ಖರ್ಚೆಲ್ಲ ಕಳೆದು ತೆರಿಗೆಗೆ ತೋರಿಸಿದ ಲಾಭ 19,000 ಇದ್ದರೆ ವಲಸೆ ಇಲಾಖೆಗೂ ಅದು 19,000 ಮಾತ್ರ. ತೆರಿಗೆ ಉಳಿಸಲು ಖರ್ಚು ಜಾಸ್ತಿ ತೋರಿಸಿದ್ದು ಇಲ್ಲಿ ತಿರುಗಿ ಬಂದು ಕೂರುತ್ತದೆ.

ತೆರಿಗೆಯ ವಿಷಯದಲ್ಲೇ ಇನ್ನೊಂದು ಸಣ್ಣ ತಪ್ಪು. ಡಿಸೆಂಬರ್ 31ಕ್ಕೆ ಮದುವೆಯಾಗಿದ್ದವರು ಆ ವರ್ಷದ ರಿಟರ್ನ್‌ನಲ್ಲಿ ‘ಸಿಂಗಲ್’ ಅಂತ ಹಾಕುವ ಹಾಗಿಲ್ಲ. ಹೆಂಡತಿ ಇನ್ನೂ ಮೈಸೂರಿನಲ್ಲೇ ಇದ್ದಾಳೆ, ಅವಳಿಗೆ ಅಮೆರಿಕದ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇಲ್ಲ ಅಂತ ಎಷ್ಟೋ ಹುಡುಗರು ಹಾಗೆ ಹಾಕಿಬಿಡುತ್ತಾರೆ. ಒಂದು ಕಡೆ ಮದುವೆಯ ಆಧಾರದ ಮೇಲೆ ಅರ್ಜಿ, ಇನ್ನೊಂದು ಕಡೆ ಮದುವೆಯಾಗಿಲ್ಲ ಅಂತ ರಿಟರ್ನ್. ಎರಡೂ ಒಂದೇ ಕಡತದಲ್ಲಿ ಕೂತರೆ ಪ್ರಶ್ನೆ ಬಂದೇ ಬರುತ್ತದೆ. ಹೀಗಾಗಿದ್ದರೆ ರಿಟರ್ನ್ ತಿದ್ದುಪಡಿ ಮಾಡಲು ಅವಕಾಶ ಇದೆ.

ಹೆಂಡತಿಯ ಸಂಬಳ ಸೇರುತ್ತದೆಯೇ?

ಕೆಲವೊಮ್ಮೆ ಸೇರುತ್ತದೆ. ಗ್ರೀನ್ ಕಾರ್ಡ್ ಬಂದ ಮೇಲೂ ಅವಳಿಗೆ ಅದೇ ಮೂಲದಿಂದ ಆದಾಯ ಬರುತ್ತಿರಬೇಕು, ಆ ಕೆಲಸಕ್ಕೆ ಅನುಮತಿ ಇರಬೇಕು. ಅಮೆರಿಕದಲ್ಲಿ ಎಚ್-1ಬಿ ಮೇಲೆ ದುಡಿಯುತ್ತಿರುವ ಹೆಂಡತಿಯ ಸಂಬಳ ಹೀಗೆ ಸೇರುತ್ತದೆ.

ಬೆಂಗಳೂರಿನ ಕಂಪನಿಯಲ್ಲಿ ವರ್ಷಕ್ಕೆ ಮೂವತ್ತು ಲಕ್ಷ ತರುವ ಹೆಂಡತಿಯ ಸಂಬಳ ಸಾಮಾನ್ಯವಾಗಿ ಸೇರುವುದಿಲ್ಲ. ಅವಳು ವಿಮಾನ ಹತ್ತುವ ಮುಂಚೆ ಆ ಕೆಲಸ ಬಿಡುತ್ತಾಳಲ್ಲ, ಅದಕ್ಕೆ. ಅಮೆರಿಕದಲ್ಲಿ ಕೆಲಸ ಕೊಡುತ್ತೇವೆ ಅಂತ ಕಂಪನಿ ಕೊಟ್ಟ ಆಫರ್ ಲೆಟರ್ ಕೂಡ ಗಂಡನ ಕಡಿಮೆ ಆದಾಯವನ್ನು ತುಂಬಿಕೊಡುವುದಿಲ್ಲ. ಇದು ಹೆಣ್ಣಿನ ಮನೆಯವರಿಗೆ ಬೇಜಾರು ತರಿಸುವ ನಿಯಮ, ಆದರೆ ಇರುವುದು ಹೀಗೇ.

ಹಾಗಂತ ಅವಳ ಓದು, ಅನುಭವ ದಂಡ ಅಲ್ಲ. ಐ-864 ಸರಿಯಾಗಿದ್ದರೂ, ಅರ್ಜಿದಾರಳು ಮುಂದೆ ಸರ್ಕಾರಕ್ಕೆ ಹೊರೆಯಾಗಬಹುದೇ ಅಂತ ಅಧಿಕಾರಿ ಒಟ್ಟಾರೆ ನೋಡುತ್ತಾರೆ. ಇದನ್ನು ಪಬ್ಲಿಕ್ ಚಾರ್ಜ್ ಪರಿಶೀಲನೆ ಅನ್ನುತ್ತಾರೆ. ವಯಸ್ಸು, ಆರೋಗ್ಯ, ಕುಟುಂಬ, ಆಸ್ತಿ, ಓದು, ಕೌಶಲ ಎಲ್ಲವೂ ಅದರಲ್ಲಿ ಬರುತ್ತವೆ. ಅಲ್ಲಿ ಅವಳ ಡಿಗ್ರಿ ಮತ್ತು ಕೆಲಸದ ಅನುಭವ ಅವಳ ಪರವಾಗಿ ನಿಲ್ಲುತ್ತವೆ.

ಆದಾಯ ಸಾಲದಿದ್ದರೆ

ಮೊದಲ ದಾರಿ ಜಂಟಿ ಸ್ಪಾನ್ಸರ್. ಅವರು ಸಂಬಂಧಿಕರೇ ಆಗಬೇಕಿಲ್ಲ. ಗೆಳೆಯ, ಹಳೆಯ ರೂಮ್‌ಮೇಟ್, ಕನ್ನಡ ಕೂಟದಲ್ಲಿ ಪರಿಚಯವಾದ ಹಿರಿಯರು ಯಾರೂ ಆಗಬಹುದು. ಅವರೂ ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇರುವವರಾಗಿದ್ದು ಅಮೆರಿಕದಲ್ಲಿ ನೆಲೆಸಿರಬೇಕು. ಎಚ್-1ಬಿಯಲ್ಲಿರುವ ಅಣ್ಣನಿಗೆ ಎಷ್ಟೇ ಸಂಬಳ ಇದ್ದರೂ ಜಂಟಿ ಸ್ಪಾನ್ಸರ್ ಆಗಲು ಬರುವುದಿಲ್ಲ. ಜಂಟಿ ಸ್ಪಾನ್ಸರ್ ತನ್ನ ಮನೆಯವರ ಜೊತೆ ಈ ಹುಡುಗಿಯನ್ನೂ ಸೇರಿಸಿ ಎಣಿಸಿ, ಆ ಮಿತಿಯನ್ನು ತನ್ನ ಆದಾಯದಿಂದಲೇ ಮುಟ್ಟಬೇಕು. ಗಂಡನ ಅರ್ಧ, ಇವರ ಅರ್ಧ ಅಂತ ಕೂಡಿಸಲು ಆಗುವುದಿಲ್ಲ. ಗಂಡನ ಜೊತೆಗೇ ಇರುವ ಅಪ್ಪ, ಅಣ್ಣನಂಥ ಹತ್ತಿರದವರ ಆದಾಯ ಕೂಡಿಸಬೇಕಿದ್ದರೆ ಐ-864ಎ ಅನ್ನುವ ಬೇರೆ ಫಾರ್ಮ್ ಇದೆ.

ಜಂಟಿ ಸ್ಪಾನ್ಸರ್ ಆಗುವವರಿಗೆ ಒಂದು ಮಾತು ಬಾಯಿಬಿಟ್ಟು ಹೇಳಲೇಬೇಕು. ‘ಸುಮ್ನೆ ಒಂದು ಸಹಿ’ ಅಂತ ಕೇಳುವವರು ಇರುತ್ತಾರೆ. ಆ ಸಹಿಯಿಂದ ಬರುವ ಹೊಣೆ ಗಂಡನಷ್ಟೇ ಇವರಿಗೂ ಪೂರ್ತಿ ಇದೆ. ಗಂಡ ಕೊಡದಿದ್ದರೆ ಇವರನ್ನು ಕೇಳಬಹುದು. ಮುಂದೆ ತಮ್ಮ ಸ್ವಂತ ಅಪ್ಪ ಅಮ್ಮನನ್ನು ಕರೆಸಿಕೊಳ್ಳುವಾಗ ಈ ಹುಡುಗಿಯನ್ನೂ ತಮ್ಮ ಮನೆಯ ಲೆಕ್ಕದಲ್ಲಿ ಸೇರಿಸಬೇಕು. ಗ್ರೀನ್ ಕಾರ್ಡ್ ಮಂಜೂರಾಗುವ ಮುಂಚೆ ಬರೆದುಕೊಟ್ಟು ಹಿಂದೆ ಸರಿಯಬಹುದು. ಆಮೇಲೆ ಆಗುವುದಿಲ್ಲ.

ಎರಡನೆಯ ದಾರಿ ಆಸ್ತಿ. ಆದಾಯದಲ್ಲಿ ಎಷ್ಟು ಕೊರತೆಯಿದೆಯೋ, ಸಿಟಿಜನ್‌ನ ಹೆಂಡತಿಗಾದರೆ ಅದರ ಮೂರು ಪಟ್ಟು ಬೆಲೆಯ ಆಸ್ತಿ ತೋರಿಸಬೇಕು. ಗಂಡ ಗ್ರೀನ್ ಕಾರ್ಡ್‌ನಲ್ಲಿದ್ದರೆ ಐದು ಪಟ್ಟು. ಗಂಡನ ಆದಾಯ 20,000 ಡಾಲರ್ ಇದೆ, ಬೇಕಾದದ್ದು 26,437. ಕೊರತೆ 6,437. ಮೂರು ಪಟ್ಟಾದರೆ 19,311 ಡಾಲರ್, ಐದು ಪಟ್ಟಾದರೆ 32,185. ಸಾಲ ಕಳೆದು ಉಳಿದ ಬೆಲೆ ಮಾತ್ರ ಲೆಕ್ಕಕ್ಕೆ. ಒಂದು ವರ್ಷದೊಳಗೆ ನಗದಾಗುವಂತಿರಬೇಕು. ಮನೆಯಲ್ಲಿ ಇರುವುದು ಒಂದೇ ಕಾರಾದರೆ ಅದನ್ನು ತೋರಿಸುವಂತಿಲ್ಲ.

ಹೆಂಡತಿಯ ಆಸ್ತಿಯೂ ಇಲ್ಲಿ ಸೇರುತ್ತದೆ. ಅದು ಭಾರತದಲ್ಲಿದ್ದರೂ ಸರಿ. ಅವಳ ಹೆಸರಿನ ಎಫ್‌ಡಿ, ಮೈಸೂರಿನ ಸೈಟು ಎಲ್ಲ ಬರಬಹುದು. ಸೈಟಿಗೆ ಕ್ರಯಪತ್ರ, ಖಾತಾ, ಸಬ್ ರಿಜಿಸ್ಟ್ರಾರ್ ಕಚೇರಿಯ ಇಸಿ, ನೋಂದಾಯಿತ ಮೌಲ್ಯಮಾಪಕರ ವರದಿ ಇಡಬೇಕು. ಕನ್ನಡದ ದಾಖಲೆಗಳಿಗೆ ಇಂಗ್ಲಿಷ್ ಅನುವಾದ, ಅನುವಾದಕರ ದೃಢೀಕರಣ ಬೇಕು. ಹಣವನ್ನು ದೇಶದಿಂದ ಹೊರಗೆ ತರಲು ಕಾನೂನಿನಲ್ಲಿ ಅವಕಾಶ ಇದೆ ಅನ್ನುವುದನ್ನೂ ತೋರಿಸಬೇಕು. ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಲ್ಲಿ ಭಾರತದ ನಿವಾಸಿಯೊಬ್ಬರು ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್ ತನಕ ಹೊರಗೆ ಕಳಿಸಬಹುದು. ಪಾಲಾಗದ ಒಟ್ಟು ಕುಟುಂಬದ ಜಮೀನಿನಲ್ಲಿ ‘ನಮ್ಮದೂ ಒಂದು ಭಾಗ ಇದೆ’ ಅನ್ನುವುದು ಇಲ್ಲಿ ನಡೆಯುವುದು ಕಷ್ಟ.

ಬೆಂಗಳೂರಿನಲ್ಲೇ ನೆಲೆಸಿದ ಸಿಟಿಜನ್

ಅಮೆರಿಕದ ಪಾಸ್‌ಪೋರ್ಟ್ ಇದ್ದು, ಒಸಿಐ ಕಾರ್ಡ್ ಮೇಲೆ ಬೆಂಗಳೂರಿಗೆ ವಾಪಸ್ ಬಂದು ಕೆಲಸ ಮಾಡುತ್ತಿರುವವರು ಸಾಕಷ್ಟು ಜನ ಇದ್ದಾರೆ. ಇಲ್ಲೇ ಮದುವೆಯಾಗಿ, ಮತ್ತೆ ಅಮೆರಿಕಕ್ಕೆ ಹೋಗೋಣ ಅಂತ ಹೊರಟಾಗ ಇವರಿಗೆ ಮೂರು ಅಡ್ಡಿ ಒಟ್ಟಿಗೆ ಬರುತ್ತವೆ.

ಒಂದು, ನೆಲೆ. ಸ್ಪಾನ್ಸರ್ ಅಮೆರಿಕದಲ್ಲಿ ನೆಲೆಸಿರಬೇಕು ಅನ್ನುತ್ತದೆ ಕಾನೂನು. ಇಲ್ಲಿದ್ದವರು ‘ಹೆಂಡತಿಯ ಜೊತೆಗೆ ಅಥವಾ ಅವಳಿಗಿಂತ ಮುಂಚೆ ಅಲ್ಲಿಗೆ ಹೋಗಿ ನೆಲೆಸುತ್ತೇನೆ’ ಅಂತ ಕಾಗದದಲ್ಲಿ ತೋರಿಸಬೇಕು. ಅಲ್ಲಿನ ಬ್ಯಾಂಕ್ ಖಾತೆ, ಬಾಡಿಗೆ ಕರಾರು, ಕೆಲಸ ಹುಡುಕುತ್ತಿರುವ ಪುರಾವೆ, ಮತದಾರರ ನೋಂದಣಿ ಇಂಥವು ನೆರವಿಗೆ ಬರುತ್ತವೆ.

ಎರಡು, ತೆರಿಗೆ. ಅಮೆರಿಕದ ಸಿಟಿಜನ್ ಎಲ್ಲಿ ದುಡಿದರೂ, ಆದಾಯ ಮಿತಿ ದಾಟಿದರೆ ಅಲ್ಲಿ ರಿಟರ್ನ್ ಸಲ್ಲಿಸಬೇಕು. ಭಾರತದಲ್ಲಿ ತೆರಿಗೆ ಕಟ್ಟಿದ್ದೇನಲ್ಲ ಅಂತ ಸುಮ್ಮನಿದ್ದವರು ಹಳೆಯದನ್ನೆಲ್ಲ ಈಗ ಸಲ್ಲಿಸಬೇಕಾಗುತ್ತದೆ. ಹೊರದೇಶದ ಸಂಬಳಕ್ಕೆ ಸಿಗುವ ವಿನಾಯಿತಿಯನ್ನು ಪಡೆದಿದ್ದರೆ ರಿಟರ್ನ್‌ನಲ್ಲಿ ಒಟ್ಟು ಆದಾಯ ಸೊನ್ನೆಯ ಹತ್ತಿರ ಕಾಣುತ್ತದೆ. ಅದಕ್ಕೆ ವಿವರಣೆ ಜೊತೆಗಿಡಬೇಕು.

ಮೂರು, ಆದಾಯ. ಬೆಂಗಳೂರಿನ ಸಂಬಳ ಅಮೆರಿಕಕ್ಕೆ ಹೋದ ಮೇಲೂ ಬರುತ್ತದೆಯೇ? ಅದೇ ಕಂಪನಿ ಅಲ್ಲಿನ ಕಚೇರಿಗೆ ವರ್ಗ ಮಾಡುತ್ತಿದ್ದರೆ ಹೌದು ಅನ್ನಬಹುದು. ಇಲ್ಲದಿದ್ದರೆ ಉಳಿಯುವುದು ಆಸ್ತಿ ಅಥವಾ ಜಂಟಿ ಸ್ಪಾನ್ಸರ್.

ಅರ್ಜಿದಾರಳ ಕೆಲಸದ ಇತಿಹಾಸ

ಈಗ ಇನ್ನೊಂದು ಗಂಟು. ಐ-130 ಜೊತೆ ಹೋಗುವ ಐ-130ಎ ಫಾರ್ಮ್ ಅರ್ಜಿದಾರಳ ಹಿಂದಿನ ಐದು ವರ್ಷದ ಕೆಲಸ ಮತ್ತು ವಿಳಾಸ ಕೇಳುತ್ತದೆ. ಐ-485 ಕೂಡ ಐದು ವರ್ಷದ್ದು ಕೇಳುತ್ತದೆ. ಮುಂಬೈ ದಾರಿಯ ಡಿಎಸ್-260 ಹತ್ತು ವರ್ಷದ ಕೆಲಸ ಕೇಳುತ್ತದೆ, ವಿಳಾಸಗಳನ್ನಂತೂ 16ನೇ ವಯಸ್ಸಿನಿಂದ.

ಕೆಲಸ ಇಲ್ಲದ ಕಾಲ ಇದ್ದರೆ ತಪ್ಪೇನಿಲ್ಲ. ಮದುವೆ, ಬಾಣಂತನ, ಅಪ್ಪನ ಕಾಯಿಲೆ, ಐಎಎಸ್ ಪರೀಕ್ಷೆಯ ತಯಾರಿ, ಕಾರಣ ಏನೇ ಇರಲಿ, ಆ ತಿಂಗಳುಗಳಲ್ಲಿ ಗೃಹಿಣಿ, ವಿದ್ಯಾರ್ಥಿನಿ ಅಥವಾ ನಿರುದ್ಯೋಗಿ ಅಂತ ಇದ್ದದ್ದನ್ನು ಬರೆದರೆ ಆಯಿತು. ತಪ್ಪಾಗುವುದು ಆ ಜಾಗ ಖಾಲಿ ಬಿಟ್ಟಾಗ, ಇಲ್ಲವೇ ನಾಚಿಕೆಗೆ ಹಿಂದಿನ ಕೆಲಸದ ತಾರೀಖು ಎಳೆದು ಮುಚ್ಚಿದಾಗ.

ಬೆಂಗಳೂರಿನ ಐಟಿಯವರಿಗೆ ಬರುವ ಗೊಂದಲ ಬೇರೆ. ದಿನಾ ಕೂತು ಕೆಲಸ ಮಾಡಿದ್ದು ದೊಡ್ಡ ಕಂಪನಿಯ ಕಚೇರಿಯಲ್ಲಿ, ಸಂಬಳ ಬಂದದ್ದು ಒಂದು ಕನ್ಸಲ್ಟೆನ್ಸಿಯಿಂದ. ಫಾರ್ಮ್‌ನಲ್ಲಿ ಬರೆಯಬೇಕಾದ್ದು ಪೇ ಸ್ಲಿಪ್ ಕೊಟ್ಟವರ ಹೆಸರು. ಅಪ್ಪನ ಅಂಗಡಿಯಲ್ಲಿ ಕೂತದ್ದು, ಮನೆಪಾಠ ಹೇಳಿದ್ದು, ಫ್ರೀಲಾನ್ಸ್ ಮಾಡಿದ್ದು ಕೂಡ ಕೆಲಸವೇ. ಬರೆಯಿರಿ.

ಇಷ್ಟೊಂದು ಯಾಕೆ ಕೇಳುತ್ತಾರೆ? ಹೊಂದಿಸಿ ನೋಡಲು. ನೀವು ಹಿಂದೆ ಪ್ರವಾಸಿ ವೀಸಾಗೋ ಎಚ್-1ಬಿಗೋ ಅರ್ಜಿ ಹಾಕಿದ್ದರೆ ಆಗ ತುಂಬಿದ ಡಿಎಸ್-160 ಅನ್ನುವ ವೀಸಾ ಫಾರ್ಮ್ ಅವರ ಹತ್ತಿರ ಇದೆ. ಆಗ ಬರೆದ ಕಂಪನಿ, ತಾರೀಖು, ಹುದ್ದೆ ಈಗ ಬರೆದದ್ದಕ್ಕೆ ತಾಳೆಯಾಗಬೇಕು. ಹಣ ಕೊಟ್ಟು ಮಾಡಿಸಿದ ಸುಳ್ಳು ಅನುಭವ ಪತ್ರ ಇಟ್ಟು ಹಿಂದೆ ವೀಸಾ ತೆಗೆದವರಿಗೆ ಅಪಾಯ ಇರುವುದು ಇಲ್ಲಿ. ವೀಸಾಗಾಗಿ ಮುಖ್ಯವಾದ ವಿಷಯದಲ್ಲಿ ಬೇಕಂತಲೇ ಸುಳ್ಳು ಹೇಳಿದ್ದಾರೆ ಅಂತ ಸಾಬೀತಾದರೆ ಅದು ಜೀವನಪೂರ್ತಿ ನಿಲ್ಲುವ ತಡೆ. ಇದರಿಂದ ಹೊರಬರಲು ಐ-601 ಅನ್ನುವ ಮನ್ನಾ ಅರ್ಜಿ ಇದೆ. ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇರುವ ಗಂಡ, ಹೆಂಡತಿ ಅಥವಾ ತಂದೆ ತಾಯಿಗೆ ತೀರಾ ಕಷ್ಟವಾಗುತ್ತದೆ ಅಂತ ತೋರಿಸಿದರೆ ಅದು ಸಿಗಬಹುದು. ಸುಲಭದ ದಾರಿಯಂತೂ ಅಲ್ಲ.

ಅನುಮತಿ ಇಲ್ಲದೆ ದುಡಿದಿದ್ದರೆ

ಎಫ್-1 ವೀಸಾದಲ್ಲಿ ಓದುವಾಗ ಫೀಸು, ಬಾಡಿಗೆ ಹೊಂದಿಸಲು ಹೋಟೆಲಿನಲ್ಲೋ ಪೆಟ್ರೋಲ್ ಬಂಕಿನಲ್ಲೋ ಕೈಗೆ ನಗದು ತೆಗೆದುಕೊಂಡು ದುಡಿದವರು ಇದ್ದಾರೆ. ಮದುವೆಯ ಅರ್ಜಿ ಬಂದಾಗ ಇವರ ಎದೆ ಹೊಡೆದುಕೊಳ್ಳುತ್ತದೆ. ಆದ್ದರಿಂದ ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಸಿಟಿಜನ್‌ನ ಹೆಂಡತಿ ಅಥವಾ ಗಂಡ ವಲಸೆ ಅಧಿಕಾರಿಯ ತಪಾಸಣೆ ಮುಗಿಸಿ ಸರಿಯಾಗಿ ಅಮೆರಿಕದೊಳಗೆ ಬಂದಿದ್ದರೆ, ಅನುಮತಿ ಇಲ್ಲದೆ ದುಡಿದದ್ದು ಐ-485ಕ್ಕೆ ಅಡ್ಡಿಯಾಗುವುದಿಲ್ಲ. ಕಾನೂನೇ ಅವರಿಗೆ ಆ ವಿನಾಯಿತಿ ಕೊಟ್ಟಿದೆ. ಗ್ರೀನ್ ಕಾರ್ಡ್ ಇರುವವರನ್ನು ಮದುವೆಯಾದವರಿಗೆ ಈ ವಿನಾಯಿತಿ ಇಲ್ಲ. ಮೊದಲು ನೆನಪಿಡಿ ಅಂದ ವ್ಯತ್ಯಾಸ ಇದೇ.

ವಿನಾಯಿತಿ ಇರುವುದು ಆ ದುಡಿಮೆಗೆ, ಅದರ ಬಗ್ಗೆ ಹೇಳುವ ಸುಳ್ಳಿಗಲ್ಲ. ಅನುಮತಿ ಇಲ್ಲದೆ ಎಂದಾದರೂ ದುಡಿದಿದ್ದೀರಾ ಅಂತ ಐ-485 ನೇರವಾಗಿ ಕೇಳುತ್ತದೆ. ದುಡಿದಿದ್ದರೆ ಹೌದು ಅಂತಲೇ ಉತ್ತರಿಸಬೇಕು. ಮನ್ನಾ ಆಗುವ ತಪ್ಪನ್ನು ಮುಚ್ಚಲು ಹೋಗಿ, ಆಗಲೇ ಹೇಳಿದ ಜೀವನಪೂರ್ತಿಯ ತಡೆಯನ್ನು ಮೈಮೇಲೆ ಎಳೆದುಕೊಳ್ಳಬಾರದು. ಇಂಥ ದುಡಿಮೆಯ ಆದಾಯವನ್ನು ಐ-864ರ ಲೆಕ್ಕಕ್ಕೆ ಸೇರಿಸಲೂ ಬಾರದು.

ಇನ್ನೊಂದು ತುಂಬ ಗಂಭೀರವಾದದ್ದು. ಅಮೆರಿಕದಲ್ಲಿ ಕೆಲಸಕ್ಕೆ ಸೇರುವಾಗ ಐ-9 ಅನ್ನುವ ಫಾರ್ಮ್ ತುಂಬುತ್ತಾರೆ. ಅದರಲ್ಲಿ ಕೆಲಸ ಸಿಗಲಿ ಅಂತ ‘ನಾನು ಅಮೆರಿಕದ ಸಿಟಿಜನ್’ ಅನ್ನುವ ಚೌಕಕ್ಕೆ ಗುರುತು ಹಾಕಿದ್ದರೆ, ಅದು ಪೌರತ್ವದ ಸುಳ್ಳು ಹೇಳಿಕೆ. 1996ರ ಕಾನೂನಿನ ನಂತರ ಇದಕ್ಕೆ ಶಾಶ್ವತ ತಡೆ ಇದೆ. ಗ್ರೀನ್ ಕಾರ್ಡ್ ಬೇಕೆನ್ನುವವರಿಗೆ ಐ-601ರಂಥ ಮನ್ನಾ ಕೂಡ ಇಲ್ಲ. ಈ ಅನುಮಾನ ಕೊಂಚ ಇದ್ದರೂ ಒಂದು ಫಾರ್ಮ್ ಕೂಡ ಕಳಿಸುವ ಮುಂಚೆ ವಲಸೆ ವಕೀಲರನ್ನು ನೋಡಬೇಕು. ಫಾರ್ಮ್ ತುಂಬಿಕೊಡುವ ಏಜೆಂಟರ ಕೆಲಸ ಇದಲ್ಲ.

ಅರ್ಜಿ ಬಾಕಿ ಇರುವಾಗ

ಐ-485 ಹಾಕಿದ ಮಾತ್ರಕ್ಕೆ ಕೆಲಸ ಮಾಡುವ ಹಕ್ಕು ಬರುವುದಿಲ್ಲ. ಐ-765 ಸಲ್ಲಿಸಿ, ಇಎಡಿ ಅನ್ನುವ ಕೆಲಸದ ಅನುಮತಿ ಕಾರ್ಡ್ ಕೈಗೆ ಬಂದ ಮೇಲೆ ಶುರು ಮಾಡಬೇಕು. ಎಚ್-1ಬಿಯವರು ಅದರ ಮೇಲೆಯೇ ಮುಂದುವರಿಯಬಹುದು. ಇಎಡಿ ನವೀಕರಣಕ್ಕೆ ಅರ್ಜಿ ಹಾಕಿದರೆ ಹಳೆಯದೇ ತಾನಾಗಿ ಮುಂದುವರಿಯುವ ಸೌಲಭ್ಯ ಮೊದಲು ಇತ್ತು. 2025ರ ಅಕ್ಟೋಬರ್ 30 ಅಥವಾ ಆಮೇಲೆ ಹಾಕಿದ ನವೀಕರಣಗಳಿಗೆ ಅದನ್ನು ತೆಗೆದುಹಾಕಿದ್ದಾರೆ. ಹಾಗಾಗಿ ಅವಧಿ ಮುಗಿಯುವ ಎಷ್ಟೋ ಮುಂಚೆಯೇ ಅರ್ಜಿ ಹಾಕಿಕೊಳ್ಳಬೇಕು. ಮುಂಬೈಯಿಂದ ವಲಸೆ ವೀಸಾ ಪಡೆದು ಹೋದವರಿಗೆ ಈ ಕಾಯುವಿಕೆ ಇಲ್ಲ. ಅಮೆರಿಕಕ್ಕೆ ಕಾಲಿಟ್ಟಾಗ ವೀಸಾ ಮೇಲೆ ಬೀಳುವ ಮುದ್ರೆಯೇ ಒಂದು ವರ್ಷ ತಾತ್ಕಾಲಿಕ ಗ್ರೀನ್ ಕಾರ್ಡ್ ಆಗಿ ನಡೆಯುತ್ತದೆ.

ಜಾಮೀನು ಮುಗಿಯುವುದು ಯಾವಾಗ?

ದುಡ್ಡು ಮತ್ತು ಕೆಲಸದ ಇತಿಹಾಸ ಎರಡೂ ಒಂದೇ ಕಡೆ ಸೇರುವುದು ಇಲ್ಲಿ. ಗ್ರೀನ್ ಕಾರ್ಡ್ ಬಂದ ದಿನದಿಂದ ಶುರುವಾಗುವ ಗಂಡನ ಹೊಣೆ, ಹೆಂಡತಿ ಅಮೆರಿಕದ ಸಿಟಿಜನ್ ಆದರೆ ಮುಗಿಯುತ್ತದೆ. ಅವಳ ಹೆಸರಿಗೆ 40 ತ್ರೈಮಾಸಿಕದ ದುಡಿಮೆ ಸೇರಿದರೆ ಮುಗಿಯುತ್ತದೆ. ಗ್ರೀನ್ ಕಾರ್ಡ್ ಬಿಟ್ಟು ಅಮೆರಿಕದಿಂದ ಶಾಶ್ವತವಾಗಿ ಹೊರಟರೆ, ಅಥವಾ ಇಬ್ಬರಲ್ಲಿ ಒಬ್ಬರು ತೀರಿಕೊಂಡರೆ ಮುಗಿಯುತ್ತದೆ.

40 ತ್ರೈಮಾಸಿಕ ಅನ್ನುವುದು ಸೋಷಿಯಲ್ ಸೆಕ್ಯುರಿಟಿಯ ಲೆಕ್ಕ. 2025ರಲ್ಲಿ 1,810 ಡಾಲರ್ ದುಡಿದರೆ ಒಂದು ತ್ರೈಮಾಸಿಕ ಸೇರುತ್ತದೆ, ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಸೇರುವುದಿಲ್ಲ. ಅಂದರೆ 7,240 ಡಾಲರ್ ದುಡಿದರೆ ಆ ವರ್ಷದ ನಾಲ್ಕೂ ಬಂದವು. ಒಬ್ಬಳದೇ ದುಡಿಮೆಯಾದರೆ ಹತ್ತು ವರ್ಷ ಬೇಕು. ಮದುವೆ ಉಳಿದಿದ್ದರೆ, ಆ ಅವಧಿಯಲ್ಲಿ ಗಂಡ ದುಡಿದ ತ್ರೈಮಾಸಿಕಗಳನ್ನೂ ಅವಳ ಲೆಕ್ಕಕ್ಕೆ ಸೇರಿಸಬಹುದು. ಇಬ್ಬರೂ ದುಡಿಯುತ್ತಿದ್ದರೆ ಹೊಣೆ ಬೇಗ ಮುಗಿಯುತ್ತದೆ. ಸಿಟಿಜನ್‌ನ ಹೆಂಡತಿ ಅವನ ಜೊತೆಗೇ ಬಾಳುತ್ತಿದ್ದರೆ ಗ್ರೀನ್ ಕಾರ್ಡ್ ಬಂದು ಮೂರು ವರ್ಷಕ್ಕೆ ಪೌರತ್ವಕ್ಕೂ ಅರ್ಜಿ ಹಾಕಬಹುದು. ಭಾರತದ ಪಾಸ್‌ಪೋರ್ಟ್ ಬಿಡಲು ಮನಸ್ಸಿಲ್ಲದೆ ಗ್ರೀನ್ ಕಾರ್ಡ್‌ನಲ್ಲೇ ಉಳಿಯುವವರ ಮನೆಗಳಲ್ಲಿ ಮಾತ್ರ ಈ ಜಾಮೀನು ಉದ್ದ ಎಳೆಯುತ್ತದೆ.

ವಿಚ್ಛೇದನದಿಂದ ಹೊಣೆ ಮುಗಿಯುವುದಿಲ್ಲ. ಇದು ಎರಡೂ ಮನೆಯವರಿಗೆ ಮೊದಲೇ ಗೊತ್ತಿರಬೇಕಾದ ಸಂಗತಿ. ಮದುವೆ ಮುರಿದು, ಹೆಂಡತಿಯ ಆದಾಯ ಬಡತನದ ಮಿತಿಯ 125 ಶೇಕಡಾಕ್ಕಿಂತ ಕೆಳಗೆ ಹೋದರೆ, ಕಡಿಮೆ ಬಿದ್ದಷ್ಟು ಹಣಕ್ಕಾಗಿ ಅವಳು ಗಂಡನ ಮೇಲೆ ನೇರವಾಗಿ ದಾವೆ ಹೂಡಬಹುದು. ಜಂಟಿ ಸ್ಪಾನ್ಸರ್ ಮೇಲೂ ಹೂಡಬಹುದು. ಅವಳು ಕೆಲಸ ಹುಡುಕಲಿಲ್ಲ ಅನ್ನುವ ಕಾರಣಕ್ಕೆ ಗಂಡ ಹಣ ಕಡಿತ ಮಾಡುವಂತಿಲ್ಲ ಅಂತ 2012ರಲ್ಲಿ ಶಿಕಾಗೋದ ಏಳನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಹೇಳಿತು. ಮದುವೆಗೆ ಮುಂಚೆ ‘ಜೀವನಾಂಶ ಕೇಳುವುದಿಲ್ಲ’ ಅಂತ ಬರೆದುಕೊಟ್ಟಿದ್ದರೂ ಈ ಹೊಣೆ ತಪ್ಪುವುದಿಲ್ಲ ಅಂತ 2016ರಲ್ಲಿ ಒಂಬತ್ತನೇ ಸರ್ಕ್ಯೂಟ್ ಹೇಳಿತು.

ದೂರದೇಶಕ್ಕೆ ಹೋಗಿ, ಅಲ್ಲಿ ಮದುವೆ ಮುರಿದು, ಕೈಯಲ್ಲಿ ಕಾಸಿಲ್ಲದೆ ನಿಂತ ಹೆಣ್ಣುಮಕ್ಕಳಿಗೆ ಎಷ್ಟೋ ಸಲ ಇಂಥ ಕಾಗದವೊಂದು ಇದೆ ಅನ್ನುವುದೇ ಗೊತ್ತಿರುವುದಿಲ್ಲ. ಫಾರ್ಮ್ ತುಂಬಿದ್ದು, ಸಹಿ ಹಾಕಿದ್ದು, ಕಳಿಸಿದ್ದು ಎಲ್ಲ ಗಂಡನೇ ಆಗಿರುತ್ತಾನೆ. ಹಾಗಾಗಿ ಅರ್ಜಿ ಕಳಿಸುವ ದಿನವೇ ಸಹಿಯಾದ ಐ-864ರ ಪೂರ್ತಿ ಪ್ರತಿಯನ್ನು, ಜಂಟಿ ಸ್ಪಾನ್ಸರ್ ಇದ್ದರೆ ಅವರ ಫಾರ್ಮ್‌ನ ಪ್ರತಿಯನ್ನೂ, ಅರ್ಜಿದಾರಳು ತನ್ನ ಸ್ವಂತ ಇಮೇಲ್‌ನಲ್ಲಿ ಮತ್ತು ತವರುಮನೆಯಲ್ಲಿ ಒಂದೊಂದು ಇಟ್ಟುಕೊಳ್ಳಬೇಕು.